ಐತವಾರದ ಹಾಜರಿ

ಇದ್ದಿಲನ್ನೂ ಹಾಗಲ ಸೊಪ್ಪನ್ನೂ ಕೂಡಿಸಿ ಅರೆದರೆ ಕಹಿಯಾದ, ತಂಪಾದ ಒಂದು ವಾಸನೆ ಏಳುತ್ತದೆ. ನಾನು ಚಿಕ್ಕವಳಿದ್ದಾಗ ಸಿರುಗುಪ್ಪದ ನಮ್ಮ ಹಿತ್ತಲಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಆ ವಾಸನೆ ಇರುತ್ತಿತ್ತು. ಅದನ್ನು ಮರದ ಹಲಗೆಗೆ ಬಳಿದು ಬಿಸಿಲಿಗಿಟ್ಟರೆ ಸೋಮವಾರ ಬಳಪದ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ನಾನು ಅರೆಯುತ್ತಿದ್ದೆ, ತಂಗಿ ಹಂಪಕ್ಕ, ನನ್ನ ಬಾಯಲ್ಲಿ ಹಂಪಿ, ಬಳಿಯುತ್ತಿದ್ದಳು. ನಮ್ಮ ಎರಡು ಹಲಗೆ ಮುಗಿದ ಮೇಲೆ ಓಣಿಯ ಮಕ್ಕಳ ಹಲಗೆಗಳನ್ನೂ ಕೇಳಿ ತರುತ್ತಿದ್ದಳು. ಮೊಣಕೈವರೆಗೂ ಮಸಿ. ಅವ್ವ ಬೈದರೆ, "ಅವರ ಹಲಗಿ ಮ್ಯಾಲ ಅಕ್ಷರ ಕಾಣಂಗಿಲ್ಲವ್ವಾ" ಎನ್ನುತ್ತಿದ್ದಳು.

ನಾನು ಬಿ.ಎ. ಮುಗಿಸಿ ಬಳ್ಳಾರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ಹಂಪಿ ಕುರುಗೋಡಿನ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾಗಿ ಅಲ್ಲೇ ಒಂದು ಕೋಣೆ ಹಿಡಿದಳು. ಮದುವೆ ಇಬ್ಬರಿಗೂ ಕೂಡಿಬರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಅವಳು ಕೌಲ್ ಬಜಾರಿನ ನನ್ನ ಮನೆಗೆ ಬರುವಳು. ಇಬ್ಬರೂ ಕೂಡಿ ಉಣ್ಣುತ್ತಿದ್ದೆವು. ನನ್ನ ತಲೆಗೆ ಎಣ್ಣೆ ಹಚ್ಚಿ ಸಂಜೆಯ ಬಸ್ಸಿಗೆ ಹೊರಡುವಳು.

ಅದಿರಿನ ಲಾರಿಗಳು ಹೆಚ್ಚಾದ ವರ್ಷ, ಎರಡು ಸಾವಿರದ ಮೂರರಲ್ಲಿ, ಅವಳು ಬರುವುದು ನಿಂತಿತು. ಫೋನು ಮಾಡಿದರೆ, "ಸಾಲಿ ಕೆಲಸ ಐತಕ್ಕಾ" ಎನ್ನುವಳು. ಭಾನುವಾರ ಯಾವ ಸಾಲಿ ಎಂದು ಕೇಳಿದರೆ ನಗುವಳು. ಬಂದರೂ ಬಂದಾಳು ಎಂದು ನಾನು ಇಬ್ಬರಿಗೆ ಅಡುಗೆ ಮಾಡುತ್ತಲೇ ಇದ್ದೆ. ಸೋಮವಾರ ಆ ತಂಗಳನ್ನು ನಾನೇ ಉಣ್ಣುತ್ತಿದ್ದೆ. ನನ್ನ ಕಣ್ಣಿನ ಆಪರೇಷನ್ ಆದಾಗಲೂ ಶನಿವಾರ ಬಂದವಳು ಭಾನುವಾರ ನಸುಕಿಗೇ ಎದ್ದು ಹೊರಟಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ, "ಅಕ್ಕಗಿಂತ ಸಾಲಿ ಹೆಚ್ಚಾತೇನು ನಿನಗ?" ಎಂದೆ. ಅವಳು ನೀರಿನ ಚೊಂಬನ್ನು ನನ್ನ ಕೈಗೆ ಎಟಕುವಲ್ಲಿ ಸರಿಸಿಟ್ಟು ಹೋದಳು.

ಎರಡು ಸಾವಿರದ ಎಂಟರ ಜನವರಿಯ ಒಂದು ಭಾನುವಾರ ಹೊಸಪೇಟೆ ರಸ್ತೆಯಲ್ಲಿ ಬಸ್ಸಿಳಿದು ದಾಟುವಾಗ ಅದಿರಿನ ಲಾರಿ ಬಡಿದು ಹಂಪಿ ತೀರಿಹೋದಳು. ಅವತ್ತು ಅವಳು ಆ ರಸ್ತೆಯಲ್ಲಿ ಏಕಿದ್ದಳೆಂದು ಯಾರಿಗೂ ತಿಳಿಯಲಿಲ್ಲ. ಅವಳ ಚೀಲದಲ್ಲಿ ಎಂಟು ಸ್ಲೇಟುಗಳಿದ್ದವು. ಏಳು ಒಡೆದಿದ್ದವು. ಒಡೆಯದ ಒಂದನ್ನು ನನ್ನ ಕಪಾಟಿನಲ್ಲಿಟ್ಟೆ.

ಅವಳ ಹೆಸರಿನಲ್ಲಿ ಬಂದ ಹಣವನ್ನೆಲ್ಲ ಬ್ಯಾಂಕಿನಲ್ಲಿಟ್ಟು, ಅವಳ ಶಾಲೆಯಲ್ಲಿ ಕಲಿತ ಒಂದು ಮಗುವಿಗೆ ವರ್ಷವರ್ಷ ಕಾಲೇಜು ಓದಿಸೋಣವೆಂದುಕೊಂಡೆ. ಆ ಶಾಲೆಯ ನಿವೃತ್ತ ಹೆಡ್‌ಮಾಸ್ತರ ಚಿದಾನಂದಪ್ಪನವರು ಜೊತೆಗೆ ನಿಂತರು. ಅರ್ಜಿಯಲ್ಲಿ ಒಂದು ಸಾಲನ್ನು ನಾನೇ ಬರೆದು ಸೇರಿಸಿದೆ: 'ಒಂದರಿಂದ ಏಳನೆಯ ತರಗತಿಯವರೆಗೆ ಒಂದು ವರ್ಷವೂ ಶಾಲೆ ಬಿಡದೆ ಹಾಜರಾಗಿದ್ದೇನೆ.' ಅದರ ಕೆಳಗೆ ಮಗುವಿನ ಸಹಿ. ಗಣಿ ಕೆಲಸಕ್ಕೆಂದು ಊರ ಮಕ್ಕಳೆಲ್ಲ ಶಾಲೆ ಬಿಡುತ್ತಿದ್ದಾಗ ಹಂಪಿಯ ಹಾಜರಿ ಪುಸ್ತಕದಿಂದ ಒಂದು ಹೆಸರನ್ನೂ ಕಡಿದಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ಮೊದಲ ವರ್ಷದ ಆಯ್ಕೆ, ಎರಡು ಸಾವಿರದ ಹತ್ತರ ಜೂನ್‌ನಲ್ಲಿ, ಒಂದು ಭಾನುವಾರ ನನ್ನ ಮನೆಯಲ್ಲೇ ನಡೆಯಿತು. ಚಿದಾನಂದಪ್ಪನವರು ಚಪ್ಪಲಿಯ ಕೆಂಧೂಳನ್ನು ಮೆಟ್ಟಿಲಿಗೆ ಬಡಿದು ಒಳಗೆ ಬಂದರು.

"ಗಣಿ ಧಣಿ ಆಗಾಕ ಈಗ ಲೈಸನ್ಸ್ ಬ್ಯಾಡ್ರೀ ವೀರಭದ್ರಮ್ಮ, ನಮ್ಮ ಚಪ್ಪಲಿ ಝಾಡಿಸಿದ್ರ ಸಾಕು."

"ಝಾಡಿಸಿದ್ದು ನನ್ನ ಮೆಟ್ಟಿಲ ಮ್ಯಾಲ. ಗಣಿ ನಂದಾತು," ಎಂದೆ.

ಹಿಂದೆಯೇ ಮುಸ್ಕಾನ್ ಬಂದಳು. ಕುರುಗೋಡಿನ ರಹೀಮಾಬೀಯ ಮಗಳು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ಈ ನೆರವು ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆಂದು ಅರ್ಜಿಯಲ್ಲಿತ್ತು. ತೊಡೆಯ ಮೇಲೊಂದು ಬಟ್ಟೆಯ ಗಂಟು ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು. ಅರ್ಜಿಯಲ್ಲಿ ಎಲ್ಲ ತುಂಬಿದ್ದಳು, ಆ ಒಂದು ಸಹಿ ಮಾತ್ರ ಇರಲಿಲ್ಲ.

"ಮರ್ತಿಯೇನವ್ವ? ಇಲ್ಲಿ ಹಾಕು," ಎಂದು ಚಿದಾನಂದಪ್ಪನವರು ಪೆನ್ನು ಕೊಟ್ಟರು.

ಮುಸ್ಕಾನ್ ಪೆನ್ನು ಮುಟ್ಟಲಿಲ್ಲ. "ನಾಕನೇತ್ತ, ಐದನೇತ್ತ ನಾನು ಸಾಲಿಗೆ ಬಂದಿಲ್ರಿ ಸರ್. ಹೊಸಪೇಟಿ ರಸ್ತೆ ಬಾಜೂಕ ಅದಿರು ಹಾಕ್ತಾರಲ್ರಿ, ಅಲ್ಲಿದ್ವಿ. ಅಮ್ಮಿ ಸುತ್ತಿಗೀಲೆ ಒಡೀತಿದ್ಲು, ನಾನು ಬುಟ್ಟಿ ತುಂಬ್ತಿದ್ದೆ."

"ಹಾಜರಿ ಪುಸ್ತಕದಾಗ ದಿನಾ ಹಾಜರ್ ಐತಲ್ಲ ನಿಂದು?"

"ಟೀಚರ್ ಹಾಕ್ಯಾರ. ಹೆಸರು ಕಡಿದ್ರ ತಿರುಗಿ ಬರಂಗಿಲ್ಲ ನೀವು ಅಂತಿದ್ರು. ಐತವಾರ ಐತವಾರ ಎರಡು ಬಸ್ ಹಿಡಿದು ನಮ್ಮ ಹತ್ರ ಬರ್ತಿದ್ರು. ಸ್ಲೇಟು ತರ್ತಿದ್ರು. ಆರು ದಿನದ್ದು ಒಂದ ದಿನಕ್ಕ ಕಲಿಸ್ತಿದ್ರು. ಎಂಟು ಮಂದಿ ಇದ್ವಿರಿ."

ನಾನು ಎದ್ದು ಕಪಾಟಿನ ಹತ್ತಿರ ಹೋದೆ. ಬಾಗಿಲು ತೆಗೆಯಲಿಲ್ಲ. ಹಿಡಿಯ ಮೇಲೆ ಕೈಯಿಟ್ಟೇ ಹುಡುಗಿಯ ಕಡೆ ತಿರುಗಿದೆ.

"ಆಕಿ ತೀರಿಹೋದ ಐತವಾರನೂ ಅಲ್ಲಿಗೇ ಹೊಂಟಿದ್ಲೇನು?" ಎಂದು ಕೇಳಿದೆ.

"ಹೂಂನ್ರಿ. ನಾನು ಆಗ ಅಜ್ಜಿ ಮನ್ಯಾಗ ಇದ್ದೆ. ತಮ್ಮ ಶಾಕೀರ ಅಲ್ಲಿದ್ದ. ಹುಡುಗ್ರು ಸಂಜಿತನ ಕಾದ್ರಂತ."

ಚಿದಾನಂದಪ್ಪನವರು ಕನ್ನಡಕ ತೆಗೆದು ಒರೆಸುತ್ತಾ ಕುಳಿತರು. ಕೊನೆಗೆ ತಗ್ಗಿದ ದನಿಯಲ್ಲಿ, "ಈ ಮಾತು ಹೊರಗ ಬರೋದು ಬ್ಯಾಡ್ರಿ. ಸುಳ್ಳು ಹಾಜರಿ ಹಾಕಿದ್ಲು ಅಂದ್ರ ಆಕಿ ಹೆಸರು ಕೆಡತೈತಿ. ಆಕಿ ಹೆಸರೀಲೆ ಕೊಡಾಕ ಕುಂತೀವಿ ನಾವು," ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಪುಸ್ತಕದಾಗ ಇದ್ದಂಗ ಸಹಿ ಹಾಕಿಬಿಡವ್ವ. ನಿನಗೂ ಛಲೋ, ಟೀಚರಿಗೂ ಛಲೋ."

ಮುಸ್ಕಾನ್ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದಿನಾ ಸಾಲಿಗೆ ಬಂದೀನಿ ಅಂತ ಸಹಿ ಹಾಕಿದ್ರ, ಟೀಚರ್ ಐತವಾರ ಬಂದಿದ್ದು ಇಲ್ಲದಂಗ ಆಕ್ಕತಲ್ರಿ ಸರ್. ನಾನು ಹಾಕಂಗಿಲ್ರಿ. ಬ್ಯಾರೆದೋರಿಗೆ ಕೊಡ್ರಿ."

ಗಂಟು ಹಿಡಿದೇ ಕುರ್ಚಿಯಿಂದ ಎದ್ದಳು.

ನಾನು ಮೇಜಿಗೆ ಮರಳಿ ಬಂದು, ಹೆಮ್ಮೆಯಿಂದ ಬರೆದಿದ್ದ ನನ್ನ ಸಾಲಿನ ಮೇಲೆ ಗೆರೆ ಎಳೆದೆ.

"ಗೆರಿ ಎಳೆದ್ರ ನಡಾವಳಿ ಪುಸ್ತಕದಾಗ ಕಾರಣ ಬರೀಬೇಕಾಕ್ಕತಿ," ಎಂದರು ಚಿದಾನಂದಪ್ಪನವರು.

ಬರೆದೆ: 'ಹಂಪಕ್ಕ ಟೀಚರ್ ಅದಿರಿನ ಕೆಲಸಕ್ಕೆ ಹೋದ ಎಂಟು ಮಕ್ಕಳಿಗೆ ಪ್ರತಿ ಭಾನುವಾರ ಅಲ್ಲಿಗೇ ಹೋಗಿ ಪಾಠ ಮಾಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಭಾನುವಾರಕ್ಕೆ ಜಾಗವಿಲ್ಲದ್ದರಿಂದ ಉಳಿದ ದಿನಗಳಲ್ಲಿ ಹಾಜರಿ ಹಾಕಿದರು. ಹಾಗೆ ಕಲಿತ ಮಕ್ಕಳೂ ಈ ನೆರವಿಗೆ ಅರ್ಹರು.'

ಅವರು ಅದನ್ನು ಎರಡು ಸಲ ಓದಿದರು. ಬೇಡವೆನ್ನುತ್ತಾರೆ ಎಂದುಕೊಂಡೆ. ಪೆನ್ನಿಗೆ ಕೈ ಚಾಚಿದರು.

"ಆ ಪುಸ್ತಕದಾಗ ತಿಂಗಳಾ ತಿಂಗಳಾ ಸಹಿ ಹಾಕಿದಾವ ನಾನು. ಎಂಟು ಮಕ್ಕಳು ಕಣ್ಣಿಗೆ ಕಾಣದಿದ್ದುದು ನನಗ ಗೊತ್ತಿರಲಿಲ್ಲೇನ್ರಿ? ಯಾಕ ಅಂತ ಒಂದ ದಿನ ಕೇಳಲಿಲ್ಲ, ನೋಡ್ರಿ." ನನ್ನ ಹೆಸರಿನ ಕೆಳಗೆ ನಿಧಾನವಾಗಿ ತಮ್ಮ ಹೆಸರು ಬರೆದರು. "ಯಾರರ ಕೇಳಿದ್ರ ನನ್ನ ಹತ್ರ ಕಳಿಸ್ರಿ."

ಮುಸ್ಕಾನಳಿಗೆ ಕಾಲೇಜು ಸೇರಲು ಹೇಳಿದರು. ಅವಳು ಹೂಂ ಎಂದು ತಲೆಯಾಡಿಸಿದಳು, ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡಳು. ಚಿದಾನಂದಪ್ಪನವರನ್ನು ಗೇಟಿನವರೆಗೆ ಬಿಟ್ಟು ಬಂದಾಗ ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು.

ಕೇಳಬೇಕೆಂದಿದ್ದ ಇನ್ನೊಂದು ಮಾತು ನನ್ನಲ್ಲಿ ಉಳಿದಿತ್ತು. ನಾನಿಲ್ಲಿ ಮುಚ್ಚಿಟ್ಟ ಅನ್ನದ ಮುಂದೆ ಕುಳಿತು ಸಿಟ್ಟಾಗುತ್ತಿದ್ದ ಹೊತ್ತಿನಲ್ಲಿ ಅವಳು ಆ ಕೆಂಪು ಧೂಳಿನಲ್ಲಿ ಹಸಿದು ಕುಳಿತಿರುತ್ತಿದ್ದಳೇ?

"ಮಧ್ಯಾಹ್ನ ಊಟ ಎಲ್ಲಿ ಮಾಡ್ತಿದ್ಲವ್ವ ನಿಮ್ಮ ಟೀಚರ್?"

"ನಮ್ಮ ಗುಡಿಸಲದಾಗ್ರಿ. ಮೊದ್ಲಿಗೆ ಅಮ್ಮಿ ಕೊಡಾಕ ಅಂಜಿದ್ಲು. ಟೀಚರ್ ತಾವೇ ತಾಟು ತೊಳಕೊಂಡು ಬಂದು ಕುಂತ್ರು. ಉಣ್ಣೋವಾಗ ನಿಮ್ಮ ಹೆಸರು ತೆಗೀತಿದ್ರು. ಅಕ್ಕ ಕಾಯ್ತಿರ್ತಾಳ ಅಂತಿದ್ರು."

ನಾನು ಗೋಡೆಗೊರಗಿ ಕುಳಿತೆ.

ಮುಸ್ಕಾನ್ ಅಡುಗೆಮನೆಗೆ ಹೋಗಿ ತಾಟೊಂದನ್ನು ತೊಳೆದು ತಂದಳು. ನೆಲದ ಮೇಲೆ ಕುಳಿತು, ಬೆಳಗ್ಗೆಯಿಂದ ಹಿಡಿದುಕೊಂಡಿದ್ದ ಗಂಟನ್ನು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಶೇಂಗಾ ಚಟ್ನಿ. ರೊಟ್ಟಿಯ ಅಂಚು ಮುರಿಯದಂತೆ ತಾಟಿಗೆ ಬಡಿಸಿ ನನ್ನ ಕೈಗೆ ಕೊಟ್ಟಳು.