ಹೆಬ್ಬೆರಳಿನ ತಗ್ಗು

ಪರದೆ ಅಲುಗಿತು, ಬಂದರು ಎಂದು ನಿರ್ಮಲಮ್ಮ ಕತ್ತು ಹೊರಳಿಸಿದರು—ಯಾರೂ ಇಲ್ಲ, ಹೊಳೆ ಕಡೆಯ ಗಾಳಿ, ಗಂಡ ಬಕ್ಕೇಶಪ್ಪ ಮಣ್ಣಿಗೆ ಹೋಗಿ ವರ್ಷವಾಗುತ್ತ ಬಂದರೂ ಕತ್ತಿಗೆ ಇನ್ನೂ ಬುದ್ಧಿ ಬಂದಿಲ್ಲ, ಅದಕ್ಕೂ ತಂಗಿಯ ಮಗಳು ವಾಣಿ, ದಾವಣಗೆರೆ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುವವಳು, ಒಂದು ಕಾರಣ ಇಟ್ಟುಕೊಂಡಿದ್ದಾಳೆ, ಕಾಡಾಗೆ ಎಲೆ ಅಲುಗಿದ್ರೆ ಹುಲಿ ಅಂತ ಓಡಿದೋನು ಉಳ್ಕಂಡ ದೊಡ್ಡವ್ವ, ಗಾಳಿ ಬಿಡು ಅಂದೋನು ಹುಲಿ ಹೊಟ್ಟೆ ಸೇರ್ದ, ನಾವೆಲ್ಲ ಓಡಿದೋನ ಮಕ್ಳು, ಅದಕ್ಕೇ ಯಾರಿಲ್ಲದ ಕಡೆನೂ ಯಾರೋ ಅದಾರೆ ಅನ್ಸತೈತೆ, ದೇವ್ರೂ ಹಂಗೇ ಹುಟ್ಟಿದ್ದು—ಹಂಗಾರೆ ಒಂದೊಂದು ಸಲ ಹುಲಿ ಇದ್ದಿದ್ದೂ ಖರೇನೇ ಅಲ್ಲೇನವ್ವ ಎಂದು ಇವರು ಕೇಳಿದಾಗ ಹುಡುಗಿ ನಕ್ಕಿದ್ದಳು, ನಕ್ಕು ಊರಿಗೆ ಹೋದಳು, ಮಾತು ಮಾತ್ರ ಈ ಮನೆಯಲ್ಲೇ ಉಳಿಯಿತು, ಇರಲಿ, ಪೂಜೆಗೆ ಹೊತ್ತಾಯಿತು, ಎಡ ಅಂಗೈಯ ಇಷ್ಟಲಿಂಗದ ಮೇಲೆ ಬಿಸಿನೀರು ಬಿಡುತ್ತಾರೆ, ಮೆತ್ತಿ ಗಟ್ಟಿಯಾಗಿದ್ದ ವಿಭೂತಿ ಕರಗುತ್ತದೆ, ಮಗ್ಗುಲಲ್ಲಿ ಒಂದು ತಗ್ಗು, ಇದೆಲ್ಲಿಯದು, ತಮ್ಮ ಹೆಬ್ಬೆರಳಿಟ್ಟು ನೋಡುತ್ತಾರೆ, ತಗ್ಗು ಅಗಲ, ಬೆರಳಿಗೆ ಸಡಿಲ, ಪೂಜೆ ಮುಗಿಯುವ ತನಕ ಹೆಬ್ಬೆರಳಿನಿಂದ ಲಿಂಗವನ್ನು ಸವರುತ್ತಲೇ ಇರುತ್ತಿದ್ದವರು ಗಂಡ, ಶಿವನೇ, ಇದು ಅವರದು.

ಅವರು ಹಾಸಿಗೆ ಹಿಡಿದ ಮೇಲೆ ಇಬ್ಬರ ಲಿಂಗಕ್ಕೂ ಒಂದೇ ತಟ್ಟೆಯಲ್ಲಿ ಇವರೇ ಪೂಜೆ ಮಾಡುತ್ತಿದ್ದರು, ಹೂವೇರಿಸುವಾಗಲೇ ಅವರ ಉಸಿರು ನಿಂತಿತ್ತು, ಎರಡೂ ಒಂದೇ ಅಳತೆ, ಒಂದೇ ಕಪ್ಪು, ಸಮಾಧಿಯ ಕುಣಿಯಲ್ಲಿ ಕೂರಿಸಿದಾಗ ಅವರ ಲಿಂಗ ಕೊಡ್ರಿ ನಿರ್ಮಲಮ್ಮಾರೆ ಅಂದರು ಮಠದ ಅಯ್ಯನವರು, ಕಣ್ಣೀರಲ್ಲಿ ಇವರು ತಟ್ಟೆಯಿಂದ ಕೈಗೆ ಸಿಕ್ಕಿದ್ದನ್ನು ಕೊಟ್ಟರು, ಅಯ್ಯನವರು ಅದನ್ನು ಸತ್ತವರ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು—ಹಾಗಾದರೆ ವರ್ಷವಿಡೀ, ಒಂದು ಮಾತೂ ಹೇಳದೆ ಹೋದರಲ್ಲ ಎಂದು ಅವರ ಮೇಲಿನ ದೂರನ್ನೆಲ್ಲ ಅವರ ಲಿಂಗಕ್ಕೇ ಹೇಳಿದ್ದು, ಯಾರೋ ಕೇಳಿಸಿಕೊಂಡ ಹಾಗೆ ಅಂಗೈ ಬೆಚ್ಚಗಾಗಿತ್ತು, ಅದು ಸುಳ್ಳಲ್ಲ, ವಾಣಿಗೆ ಹೇಳಿದರೆ ಅದು ನಿನ್ನ ಮನಸ್ಸು ದೊಡ್ಡವ್ವ ಅಂದಾಳು, ಅಯ್ಯನವರಿಗೆ ಹೇಳಿದರೆ ಬ್ಯಾರೆ ಲಿಂಗ ಕಟ್ತೀನಿ, ಇದನ್ನ ಹೊಳಿಗೆ ಬಿಡ್ರಿ ಅಂದಾರು, ಯಾರ ಮಾತು ಕೇಳಿದರೂ ಅಂಗೈ ಬರಿದೇ, ಬ್ಯಾಡ, ಯಾರಿಗೂ ಹೇಳುವುದು ಬ್ಯಾಡ, ಆದರೆ ತಮ್ಮದು, ಹಡೆದ ಕೂಸು ಉಳಿಯದ ದಿನ ಗಂಡನಿಗೂ ಹೇಳದೆ ನುಂಗಿದ್ದನ್ನು, ಸಿಟ್ಟನ್ನು, ಬೈಗುಳವನ್ನು, ಎಲ್ಲವನ್ನೂ ಕೇಳಿಸಿಕೊಂಡ ತಮ್ಮ ಲಿಂಗ ಈಗ ಅವರ ಕೈಯಲ್ಲಿ, ಈಗಲಾದರೂ ಕೇಳಿಸುತ್ತಿದೆಯೇ, ಕೇಳುವವರು ಅಲ್ಲಿ ಇದ್ದಾರೆಯೇ, ಇಲ್ಲ, ಇದ್ದಾರೆ, ಕೂತಿದ್ದಾರೆ, ಕತ್ತಲಲ್ಲಿ, ಮಣ್ಣಿನಲ್ಲಿ, ಒಂದೊಂದಾಗಿ ಮಡಿಸಿದ ಬೆರಳುಗಳು, ಆ ಬೆರಳುಗಳು, ತಮ್ಮ ಲಿಂಗದ ಮೇಲೆ ಮಡಿಸಿದ ಬೆರಳುಗಳು.