ಕುಪ್ಪಸ್ವಾಮಿ ಕಾದ ಮಿಷಿನು

ಸೇಲಂ ಕಡೆಯ ಮೊರಪ್ಪೂರಿನ ಆಚೆ ಕುರಿ ಮೇಯಿಸುವ ಕುಪ್ಪಸ್ವಾಮಿಗೆ ತೊಡೆಸಂದಿಯಲ್ಲಿ ಗಂಟು. ಕೆಮ್ಮಿದರೆ ಉಬ್ಬುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಕರುಳು ಇಳಿದಿದೆ, ಆಪರೇಷನ್ ಆಗಬೇಕು ಎಂದು ನರ್ಸಮ್ಮ ಶಿವಲಕ್ಷ್ಮಿ ಹೇಳಿ ಹೇಳಿ ಸೋತಳು. ಇವನು ಟವೆಲು ಬಿಗಿದುಕೊಂಡು ಕುರಿ ಹಿಂದೆ ಹೊರಟುಬಿಡುತ್ತಿದ್ದ.

ಹೆಂಡತಿ ಲಕ್ಷ್ಮಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನ ಮೇಲಷ್ಟೇ ಅಲ್ಲ, ಮೆಟ್ಟೂರಿನಲ್ಲಿ ಕೆಲಸಕ್ಕಿದ್ದ ತಮ್ಮ ಗೋವಿಂದರಾಜನ ಮೇಲೂ. ತೊಂಬತ್ತೇಳರ ಪೊಂಗಲಿಗೆ ಬಂದವನು ಟೀವಿಯಲ್ಲಿ ಕಂಡದ್ದನ್ನು ಬಾವನ ಕಿವಿಗೆ ಊದಿದ್ದ: ಫಾರಿನ್ನಿನಲ್ಲಿ ರೋಬೋ ಬಂದಿದೆ, ಮುಂದೆ ಡಾಕ್ಟರೇ ಬೇಡ, ಅದೇ ನೋಡಿ ಅದೇ ಕುಯ್ದು ಅದೇ ಹೊಲಿಯುತ್ತದೆ. ಅಂದಿನಿಂದ ಕುಪ್ಪಸ್ವಾಮಿಯದು ಒಂದೇ ರಾಗ. "ಮನುಸರ ಕೈ ನಡುಗ್ತೈತೆ. ಮಿಷಿನು ಬರ್ಲಿ. ಪರವಾಯಿಲ್ಲೆ, ಕಾಯ್ತೀನಿ." ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಮೆರಿಕಾ ಕಡೆ ನೋಡುವವನಿಗೆ ಏನು ಹೇಳುವುದು?

ಮಾಸಿ ತಿಂಗಳಲ್ಲಿ, ಶಿವರಾತ್ರಿ ಹೊತ್ತಿಗೆ, ಒಂದು ಬೆಳಿಗ್ಗೆ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನಂತೆ ಗಟ್ಟಿ, ತಡೆಯಲಾರದ ನೋವು, ವಾಂತಿ. ಗೋವಿಂದರಾಜನೂ ರಜೆಗೆ ಬಂದಿದ್ದ. ಶಿವಲಕ್ಷ್ಮಿ ನೋಡಿದವಳೇ ಅಂದಳು, "ಕರುಳು ಸಿಕ್ಕಾಕ್ಕೊಂಡೈತೆ ಅಣ್ಣಾ. ರಕ್ತ ಓಡ್ದೆ ಕೊಳೀತದೆ. ಈಗ್ಲೇ ಸೇಲಂ ಆಸ್ಪತ್ರೆಗೆ ಓಗ್ಬೇಕು."

"ಓಗಲ್ಲ. ಮನುಸರ ಕೈಲಿ ಕುಯ್ಯಿಸ್ಕೊಳ್ಳಲ್ಲ," ಎಂದು ಕುಪ್ಪಸ್ವಾಮಿ ಹಲ್ಲು ಕಚ್ಚಿದ.

ಲಕ್ಷ್ಮಕ್ಕ ತಮ್ಮನ ಕಡೆ ತಿರುಗಿದಳು. "ಲೇ ಗೋವಿಂದ, ನಿನ್ನ ಮಿಷಿನು ಕುಯ್ದ ಮೇಲೆ ರಕ್ತ ನಿಲ್ದಿದ್ರೆ ಯಾರ್ನ ಕರೀಲಿ?"

"ಕಂಪನಿಯೋರು ಇರ್ತಾರಕ್ಕಾ."

"ಅವ್ರು ಬಂದು ಇವ್ರ ಪಕ್ಕ ಕೂರ್ತಾರಾ?" ಎಂದವಳೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಉಬ್ಬಿದ ಕುರಿ ಹೊಟ್ಟೆ ಚುಚ್ಚಿದೋನು ಅದು ಮೆಲುಕು ಆಕೋಗಂಟ ಪಕ್ಕದಿಂದ ಏಳ್ಬಾರ್ದು. ನಿಮ್ಮೋರ ಕಟ್ಟುಪಾಡೇ ತಾನೆ? ಕುರಿಗೊಂದು ನ್ಯಾಯ, ನಿಮ್ಗೊಂದು ನ್ಯಾಯವಾ?"

"ಮಿಷಿನು ಒಂದಿನ ಬರ್ಬೋದು, ಚೆನ್ನಾಗೇ ಕುಯ್ಬೋದು," ಎಂದಳು ಶಿವಲಕ್ಷ್ಮಿ. "ನಿಮ್ಮ ಕರುಳು ಅಲ್ಲೀಗಂಟ ಕಾಯಲ್ಲ ಅಣ್ಣಾ."

ಕುಪ್ಪಸ್ವಾಮಿ ಕಣ್ಣು ಮುಚ್ಚಿ, "ವ್ಯಾನು ತರ್ಸು" ಎಂದ. ತರಲು ಓಡಿದವನು ಗೋವಿಂದರಾಜನೇ.

ಸೇಲಂನಲ್ಲಿ ಗೇಣುದ್ದ ಕರುಳು ಕತ್ತರಿಸಿ ತೆಗೆದರು. ಅಷ್ಟುದ್ದವೂ ಕೊಳೆತು ಕಪ್ಪಾಗಿತ್ತು. ಮೊದಲೇ ಬಂದಿದ್ದರೆ ಇದು ಸಣ್ಣ ಆಪರೇಷನ್ನು ಎಂದರು ಡಾಕ್ಟರು. ಮನೆಗೆ ಬಂದ ಕುಪ್ಪಸ್ವಾಮಿ ಮಾಡಿದ ಮೊದಲ ಕೆಲಸವೆಂದರೆ, ಇಂಥದೇ ಗಂಟು ಮುಚ್ಚಿಟ್ಟುಕೊಂಡಿದ್ದ ಪಕ್ಕದ ಮನೆ ದಾಸಪ್ಪನನ್ನು ಬೈದು ಸೇಲಂ ಬಸ್ಸು ಹತ್ತಿಸಿದ್ದು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಗಂಟಿದೆಯೇ? ನಾಚಬೇಡಿ, ಕಾಯಬೇಡಿ, ಇಂದೇ ತೋರಿಸಿ. ನಾಳೆ ತಾನಾಗಿಯೇ ಕುಯ್ಯುವ ಮಿಷಿನು ಬಂದರೆ ಬರಲಿ. ಆಗಲೂ ಅದರ ಕೆಳಗೆ ಮಲಗುವ ಮುಂಚೆ ಒಂದು ಮಾತು ಕೇಳಿ: ತಪ್ಪಾದರೆ ಯಾರು ಹೊಣೆ? ಒಬ್ಬ ಮನುಷ್ಯನ ಹೆಸರು ಹೇಳುವವರೆಗೂ ಕೇಳುತ್ತಲೇ ಇರಿ.