ತುಂಬದ ಸಂದು

"ಮೊದಲು ಏಣಿಯಿಂದ ಇಳಿ" ಎಂದ ಅಣ್ಣ. ಕೈಯಲ್ಲಿ ಸಂದು ಮುಚ್ಚುವ ಅಂಟಿನ ಗನ್ನು, ಮುಖದಲ್ಲಿ ಸಿಡುಕು.

ತಂಗಿ ಇಳಿಯಲಿಲ್ಲ. ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡಳು. ಜಗಳವಾಡಲು ಬಾಯಿ ಖಾಲಿಯಿರಬೇಕಲ್ಲ.

"ಅಲ್ಲಿಂದಾನೇ ಹೇಳು, ಕೇಳ್ಸತ್ತೆ."

ಬಡಗಿ ಕೆಲಸಕ್ಕೆ ಇಳಿದು ಇಷ್ಟು ವರ್ಷವಾದ ಮೇಲೆ ಅಣ್ಣ ಅವಳೊಬ್ಬಳ ಕೈಗೆ ಬಿಟ್ಟ ಮೊದಲ ಗೋಡೆ ಇದು. ಅವರ ಮರಗೆಲಸದ ಅಂಗಡಿಯ ಎದುರಿಗೇ ಏಳುತ್ತಿದ್ದ ನರ್ಸಮ್ಮನ ಮನೆಯ ಹೊರಗೋಡೆ. ಅಡ್ಡಡ್ಡ ಹಲಗೆಗಳು, ಮೇಲಿನದರ ಅಂಚು ಕೆಳಗಿನದರ ಮೇಲೆ ಬರುವಂತೆ. ಒಂದೇ ಸಾಲಿನಲ್ಲಿ ಎರಡು ಹಲಗೆಗಳ ತುದಿ ಕೂಡುವ ಕಡೆಯೆಲ್ಲ ಅವಳು ಹಿಂದುಗಡೆ ಒಂದು ತಗಡಿನ ತುಂಡು ಇಟ್ಟಿದ್ದಳು. ಅದರ ಬುಡ ಕೆಳಗಿನ ಹಲಗೆಯ ಮೈಮೇಲೆ ಕೂರುತ್ತಿತ್ತು. ಸಂದಿಗೆ ನುಗ್ಗಿದ ಮಳೆನೀರು ತಗಡಿನ ಮೇಲೆ ಜಾರಿ ಹೊರಗೇ ಬೀಳಬೇಕು. ಅದಕ್ಕೇ ಅವಳು ಸಂದನ್ನೂ ತುಂಬಿರಲಿಲ್ಲ, ಹಲಗೆಗಳ ಕೆಳಗಿನ ಅಂಚನ್ನೂ ತುಂಬಿರಲಿಲ್ಲ.

"ಊರಿಗೆಲ್ಲ ಬಿರುಕು ಕಾಣ್ತಿದೆ. ನರ್ಸಮ್ಮ ಕೇಳಿದ್ರೆ ಯಾವ ಮುಖ ಇಟ್ಕೊಂಡು ಉತ್ತರ ಕೊಡ್ಲಿ? ಎಲ್ಲಾ ಸಂದಿಗೂ ಅಂಟು ಹೊಡಿ. ಕೆಳಗಿನ ಅಂಚಿಗೂ."

"ಹೊಡಿಯಲ್ಲ."

"ಏನಂದೆ?"

"ಹೊಡಿಯಲ್ಲ ಅಂದೆ. ಮರ ಉಬ್ಬತ್ತೆ, ಕುಗ್ಗತ್ತೆ, ನಿನ್ನ ಅಂಟು ಬಾಯಿ ಬಿಡತ್ತೆ. ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿ ಬೇಡ್ವಾ?"

"ತಲೆ ಮೇಲೆ ಕೂರಿಸ್ಕೊಂಡಿದ್ದಕ್ಕೆ ನನಗೇ ಪಾಠ. ಅಂಟು ಹೊಡೀತೀಯೋ, ನಾಳೆಯಿಂದ ಮನೇಲಿ ಕೂರ್ತೀಯೋ?"

ಅವಳಿಗೆ ಹೆದರಿಕೆಯಾಯಿತು. ಈ ಕೆಲಸ ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ. ಆದರೆ ಕೊಳೆಯುವ ಗೋಡೆ ಕಟ್ಟುವ ಕೆಲಸವೂ ಬೇಕಿರಲಿಲ್ಲ. ಸಿಟ್ಟು ಹೆದರಿಕೆಗಿಂತ ಒಂದು ಕೈ ಮೇಲಾಯಿತು.

ಈಗ ಇಳಿದಳು. ಮೊಳೆ ಕೀಳುವ ಸಲಾಕೆ ಹಿಡಿದು ನೆಟ್ಟಗೆ ರಸ್ತೆ ದಾಟಿದಳು. ಅಂಗಡಿಯ ಮುಂಗೋಡೆ ಅಣ್ಣನ ಹೆಮ್ಮೆ. ಕೆಲವು ಮಳೆಗಾಲದ ಹಿಂದೆ ತಾನೇ ಹಲಗೆ ಹೊಡೆದು, ಸಂದೆಲ್ಲ ಅಂಟಿನಲ್ಲಿ ಮುಚ್ಚಿ, ಬಣ್ಣ ಬಳಿದು, ಬಂದ ಗಿರಾಕಿಗಳಿಗೆಲ್ಲ ಸವರಿ ನೋಡಿ ಎನ್ನುತ್ತಿದ್ದ. ಈಚೆಗೆ ಅದರ ಬುಡದ ಬಣ್ಣ ಗುಳ್ಳೆಯೇಳುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಅವನಿಗೂ ಬೀಳದೆ ಇರಲಿಲ್ಲ.

"ಏಯ್, ಏನ್ ಮಾಡ್ತಿದ್ದೀಯ?" ಅಣ್ಣ ಹಿಂದೆಯೇ ಓಡಿಬಂದ.

ಸಲಾಕೆಯನ್ನು ಅಂಚಿಗೆ ತೂರಿ ಮೀಟಿದಳು. ಹಲಗೆ ನೆನೆದ ರಟ್ಟಿನಂತೆ ಮುರಿದು ಬಂತು. ಹಿಂದಿನ ಮರವೆಲ್ಲ ಕಪ್ಪಾಗಿ, ಮುಟ್ಟಿದಲ್ಲೆಲ್ಲ ಉದುರುತ್ತಿತ್ತು. ಮುಗ್ಗುವಾಸನೆ ಇಬ್ಬರ ಮೂಗಿಗೂ ಬಡಿಯಿತು.

ಅಣ್ಣ ದನಿ ತಗ್ಗಿಸಿ, "ಮುಚ್ಚು ಅದನ್ನ. ಯಾರಾದ್ರೂ ನೋಡ್ತಾರೆ" ಎಂದ.

"ನೋಡ್ಲಿ. ಮುಚ್ಚಿ ಮುಚ್ಚೀನೇ ಈ ಗತಿ ಆಗಿರೋದು."

ಅವಳು ವಾಪಸ್ ಹೋಗಿ ಏಣಿ ಹತ್ತಿದಳು. ಅಷ್ಟರಲ್ಲಿ ನರ್ಸಮ್ಮ ಡ್ಯೂಟಿ ಮುಗಿಸಿಕೊಂಡು ಬರುವುದು ಕಾಣಿಸಿತು. ಅಣ್ಣ ಗಡಿಬಿಡಿಯಿಂದ ಗೋಡೆಯ ತೂತಿಗೆ ಬೆನ್ನು ಕೊಟ್ಟು ನಿಂತು, ನಗಲು ನೋಡಿದ.

ನರ್ಸಮ್ಮ ಏಣಿಯ ಕೆಳಗೆ ನಿಂತು ತಲೆಯೆತ್ತಿದರು. "ಏನಮ್ಮಾ, ಈ ಸಂದೆಲ್ಲ ಹೀಗೇ ಬಿಡ್ತೀಯಾ?"

"ಹೀಗೇ ಬಿಡೋದು. ಯಾಕೆ ಅಂತ ನಮ್ಮಣ್ಣ ಹೇಳ್ತಾನೆ ಕೇಳಿ." ರಸ್ತೆಯಾಚೆಗೆ ಕೇಳಿಸುವಂತೆ ಕರೆದಳು, "ಅಣ್ಣಾ, ಒಂದು ತಗಡು ತಗೊಂಡ್ ಬಾ."

ಅಣ್ಣ ಕೈಯಲ್ಲಿದ್ದ ಅಂಟಿನ ಗನ್ನನ್ನು ಕೆಳಗಿಟ್ಟ. ಆಮೇಲೆ ತೂತನ್ನು ಬಯಲಿಗೆ ಬಿಟ್ಟು, ಅಂಗಡಿಯೊಳಗಿಂದ ಒಂದು ತಗಡು ಹಿಡಿದು ರಸ್ತೆ ದಾಟಿದ. ಅವನ ಅಂಗಿಯ ಬೆನ್ನಿಗೆಲ್ಲ ಕೊಳೆತ ಮರದ ಪುಡಿ ಮೆತ್ತಿಕೊಂಡಿತ್ತು.